ಕರಿಸೇತುವೆಯ ಬಳಿ ಕಾಣೆಯಾದ ಮಾತೆ

"ಅಯ್ಯೋ, ಪೆಟ್ಟಿಗೆ ಖಾಲಿ! ಮಾತೆ ಇಲ್ಲ!"

ಎಂಗ್ರಾಸಿಯಾ ಅಜ್ಜಿಯ ಕೂಗು ಕೇಳಿಸಿದಾಗ ಫೆಲಿಯು ರಸ್ತೆಯ ತಿರುವಿನಾಚೆ ತನ್ನ ವ್ಯಾನಿನ ಚಕ್ರದ ಜೊತೆ ಕುಸ್ತಿಗೆ ಬಿದ್ದಿದ್ದ. ನಟ್ಟು ಉಡದ ಪಟ್ಟು ಹಿಡಿದು ಕೂತಿತ್ತು. ಬೆಳಗಿನಿಂದ ಅವನ ಪಾಲಿಗೆ ಒಂದು ಕೆಲಸವೂ ನೆಟ್ಟಗೆ ಆಗಿರಲಿಲ್ಲ. ಓಲೊಟ್ ಊರು ಬಿಡುವಾಗಲೇ ಕಣ್ಣು ಕಾಣದ ಮಂಜು. ಜ್ವಾಲಾಮುಖಿಯ ಬಾಯಿ ನೋಡಲು ಏದುಸಿರು ಬಿಡುತ್ತ ಗುಡ್ಡ ಹತ್ತಿದ ವ್ಯಾನಿನ ಪ್ರಯಾಣಿಕರು, ಒಳಗೆ ಹುಲ್ಲು ಮಾತ್ರ ಕಂಡು "ಇಷ್ಟೇನಾ?" ಎಂದು ಅವನನ್ನೇ ದುರುಗುಟ್ಟಿ ನೋಡಿದ್ದರು, ಬೆಂಕಿ ಆರಿಸಿದ್ದು ಇವನೇ ಏನೋ ಎಂಬಂತೆ. ಈಗ ಪಂಕ್ಚರ್. ಅದರ ಮೇಲೆ ಇದು. ಕೈಯಲ್ಲಿದ್ದ ಸ್ಪ್ಯಾನರನ್ನು ಬಿಸಾಕಿ ಅವನು ಇಳಿಜಾರಿನಲ್ಲಿ ಓಡಿದ.

ಹೊಳೆಯ ದಂಡೆಯಲ್ಲಿ, ಕಪ್ಪು ಲಾವಾಕಲ್ಲಿನ ಹಳೇ ಸೇತುವೆಯ ಪಕ್ಕದ ಅಕ್ರೋಟ್ ಮರದ ಕೆಳಗೆ, ಎಲ್ಲರೂ ಊಟ ಮುಗಿಸಿ ಅಡ್ಡಾಗಿದ್ದರು. ಕಂಬಳಿಯ ಮೇಲೆ ಬಿಳಿ ಹುರುಳಿಕಾಳಿನ ಪಲ್ಯ, ಟೊಮೆಟೊ ಉಜ್ಜಿದ ಬ್ರೆಡ್ಡು, ಒಣಗುತ್ತಿದ್ದ ಸಾಸೇಜು ಹಾಗೇ ಹರಡಿದ್ದವು. ಅಜ್ಜಿಯ ತಲೆದೆಸೆಯಲ್ಲಿದ್ದ ಮರದ ಪೆಟ್ಟಿಗೆಯಲ್ಲಿ ಒಣಹುಲ್ಲು ಬಿಟ್ಟರೆ ಇನ್ನೇನೂ ಇರಲಿಲ್ಲ.

ಆ ಪೆಟ್ಟಿಗೆಯಲ್ಲಿದ್ದದ್ದು ಗೇಣುದ್ದದ ಕರಿಮರದ ದೇವಮಾತೆಯ ವಿಗ್ರಹ. ಅಂತರ್ಯುದ್ಧದ ವರ್ಷ ಚರ್ಚುಗಳಿಗೆಲ್ಲ ಬೆಂಕಿ ಬಿದ್ದಾಗ ಸಾಂತ್ ಗ್ರಾವ್ ಊರಿನ ಗುಡಿಯಿಂದ ಅವಳು ಕಾಣೆಯಾಗಿದ್ದಳು. ಗುಡಿಯ ಗಂಟೆ ಹೊಡೆಯುತ್ತಿದ್ದ ಪ್ಲನೆಲ್ಯ ಅವಳನ್ನು ಮಾರಿಕೊಂಡ ಎಂದು ಊರು ತೀರ್ಪು ಕೊಟ್ಟು, ಅವನ ಕೈಯಿಂದ ಗಂಟೆಯ ಹಗ್ಗ ಕಿತ್ತುಕೊಂಡಿತ್ತು. ಆ ಪ್ಲನೆಲ್ಯ ಫೆಲಿಯುವಿನ ಅಜ್ಜ. ಫೆಲಿಯು ಶಾಲೆಯಲ್ಲಿ ಕಲಿತ ಮೊದಲ ಬಿರುದು "ಕಳ್ಳನ ಮೊಮ್ಮಗ". ಆ ಊರು ಬಿಟ್ಟ ಮೇಲೂ ಅದು ಅವನ ಬೆನ್ನು ಬಿಟ್ಟಿರಲಿಲ್ಲ.

ಹೋದ ಚಳಿಗಾಲ ಓಲೊಟ್‌ನಲ್ಲಿ ಎಂಗ್ರಾಸಿಯಾ ಅಜ್ಜಿಯ ಮನೆ ಗೋಡೆ ಒಡೆದಾಗ ಒಳಗೆ ಮಾತೆ ಸಿಕ್ಕಳು. ಅಜ್ಜಿಯ ಅಪ್ಪ ಅವಳನ್ನು ಬೆಂಕಿಯಿಂದ ಉಳಿಸಿ ಗೋಡೆಯಲ್ಲಿಟ್ಟು ಗಡಿ ದಾಟಿದವನು, ಹೇಳಲು ಮರಳಿ ಬರಲೇ ಇಲ್ಲ. ಇಂದು ಸಾಂತ್ ಗ್ರಾವ್ ಊರ ಹಬ್ಬ. ಅಜ್ಜಿ ಫೆಲಿಯುವಿನ ಮನೆಗೇ ಬಂದು ಹೇಳಿದ್ದಳು: "ಅವಳು ನಿನ್ನ ಗಾಡೀಲೇ ವಾಪಸ್ ಹೋಗ್ಬೇಕು ಕಣಪ್ಪ. ಊರು ಕಣ್ಬಿಟ್ಟು ನೋಡ್ಲಿ."

ಈಗ ಊರು ಕಣ್ಣು ಬಿಟ್ಟು ನೋಡುವುದು ಏನನ್ನು? ಪ್ಲನೆಲ್ಯನ ಮೊಮ್ಮಗನ ಗಾಡಿಯಲ್ಲಿ ಬಂದ ಖಾಲಿ ಪೆಟ್ಟಿಗೆಯನ್ನು!

"ನಾವೆಲ್ಲ ಮಲ್ಗಿದ್ವಿ," ಎಂದ ಅಜ್ಜಿಯ ತಮ್ಮನ ಮಗ ಓಲೆಗೆರ್. ಅವನು ವೈನ್ ವ್ಯಾಪಾರಿ. ಇಂಥ ವಸ್ತುವನ್ನು ಪುಕ್ಕಟೆ ಊರಿಗೆ ಕೊಡುವುದು ಹುಚ್ಚುತನ ಎಂದು ದಾರಿಯುದ್ದಕ್ಕೂ ಕೊರೆದಿದ್ದ. "ವೈನ್ ಮುಟ್ಟದೋನು ನೀನೊಬ್ನೇ. ಎಚ್ಚರ ಇದ್ದೋನೂ ನೀನೊಬ್ನೇ."

"ಗಾಡಿ ಓಡ್ಸೋನು ಕುಡೀತಾನೇನ್ರೀ? ಕುಡಿದಿದ್ರೆ ಅದಕ್ಕೂ ಬೈತಿದ್ರಿ!"

"ಕೂಗಾಡ್ಬೇಡಿ," ಎಂದರು ಡಾಕ್ಟರ್ ಕ್ಲಿಮೆಂಟ್, ಮೆತ್ತಗೆ. ಮಾತೆಯರ ವಿಗ್ರಹಗಳ ಬಗ್ಗೆ ದಪ್ಪ ಪುಸ್ತಕ ಬರೆದ ಬಾರ್ಸೆಲೋನಾದ ವಿದ್ವಾಂಸರು ಅವರು. ಹಬ್ಬಕ್ಕೆ ಊರಿನವರೇ ಕರೆದಿದ್ದರು. "ಪಾಪ, ಹಳೇ ಮಾತಿಂದ ಅವನಿಗೂ ನೋವಾಗುತ್ತೆ. ಪೊಲೀಸರು ನೋಡ್ಕೊಳ್ತಾರೆ, ಬಿಡಿ."

ಆ 'ಪಾಪ' ಎಂಬ ಮಾತು ಫೆಲಿಯುವನ್ನು ಬೈಗುಳಕ್ಕಿಂತ ಹೆಚ್ಚು ಉರಿಸಿತು. ಅವನೇ ವ್ಯಾನಿನ ಸೀಟು ಕಿತ್ತು ತೋರಿಸಿದ. ಎಲ್ಲರ ಚೀಲ, ಜೇಬು ಜಾಲಾಡಿದ್ದಾಯಿತು. ಮಾತೆ ಇಲ್ಲ. ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಗುಡ್ಡದಾಚೆ ಊರ ಬಾಗಿಲಲ್ಲಿ ಬ್ಯಾಂಡಿನವರು ಕೊಂಬು ಒರೆಸಿಕೊಂಡು ಕಾಯುತ್ತಿರುತ್ತಾರೆ.

ಇಷ್ಟೆಲ್ಲ ಆಗುವಾಗ ನರ್ಸಿಸ್ ಬೊಯಿಗಸ್ ಕಲ್ಲಿನ ಮೇಲೆ ಕೂತು ತಲೆ ನೀವಿಕೊಳ್ಳುತ್ತಿದ್ದ. ಫೆಲಿಯುವಿನ ಹೆಂಡತಿಯ ಅಣ್ಣ. ನಿವೃತ್ತ ಇನ್‌ಸ್ಪೆಕ್ಟರ್. ಸುತ್ತಲ ಹಳ್ಳಿಗಳಲ್ಲಿ ಕುರಿ ಕಳೆದರೂ ಜನ ಬರುವುದು ಅವನ ಬಾಗಿಲಿಗೇ. ಅಂಥ ಪ್ರಕರಣಗಳಿಗೆಲ್ಲ ಅವನನ್ನು ಹೊತ್ತು ತಿರುಗುವುದು ಫೆಲಿಯುವಿನ ವ್ಯಾನು.

"ಭಾವ, ಊರೋರ ಮನೆ ಕಳ್ಳತನ ಎಲ್ಲ ಹಿಡೀತೀರಿ. ನನ್ನ ಕುತ್ತಿಗೆಗೆ ಬಂದಾಗ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಲ್ಲ!"

"ನಾನು ನಿದ್ದೆ ಮಾಡ್ಬಿಟ್ಟೆ ಕಣೋ."

"ಎಲ್ರೂ ಮಾಡಿದ್ರು!"

"ಎಲ್ರೂ ಮಾಡ್ತಾರೆ. ನಾನು ಮಾಡಲ್ಲ. ನನ್ನ ತಂಗೀನ ಕೇಳು, ಮೆತ್ತನೆ ಹಾಸಿಗೇಲೇ ಹೊರಳಾಡೋ ಜನ್ಮ ನನ್ದು. ಕಲ್ಲಿನ ಮೇಲೆ ಹಾಡುಹಗಲಲ್ಲಿ ಗೊರಕೆ ಹೊಡೆದೆ ಅಂದ್ರೆ ಏನು?" ನರ್ಸಿಸ್ ಕೈ ಚಾಚಿದ. "ವೈನಿನ ಗಿಂಡಿ ಕೊಡಿಲ್ಲಿ. ಹಾಗೇ ಕೊಡು, ತೊಳೀಬೇಡ."

ಉದ್ದ ಮೂತಿಯ ಗಾಜಿನ ಗಿಂಡಿ ಅದು. ತಲೆಯ ಮೇಲೆತ್ತಿ, ತುಟಿಗೆ ತಾಗಿಸದೆ, ಸಣ್ಣ ಧಾರೆಯನ್ನು ಬಾಯಿಗೆ ಬಿಟ್ಟುಕೊಳ್ಳಬೇಕು. ಒಂದೇ ಗಿಂಡಿ ಪಂಕ್ತಿಗೆಲ್ಲ ಸುತ್ತಿದರೂ ಎಂಜಲಿಲ್ಲ. ಕೈ ನಡುಗಿದವನ ಎದೆಯ ಮೇಲೆ ಕೆಂಪು ನಕ್ಷೆ ಮೂಡುತ್ತದೆ, ಪಂಕ್ತಿ ನಗುತ್ತದೆ. ಗಿಂಡಿಯ ತಳದಲ್ಲಿ ಏನೋ ಬಿಳಿಯ ಪುಡಿ ಕೂತಿತ್ತು.

"ಗಸಿ ಇರ್ಬೇಕು," ಎಂದ ಫೆಲಿಯು.

"ಕೆಂಪು ವೈನಿಗೆ ಬಿಳೀ ಗಸಿನಾ?" ನರ್ಸಿಸ್ ಮೂಸಿ ನೋಡಿದ. "ತುಂಬಿದ್ದು ಯಾರು?"

"ಓಲೆಗೆರ್. ಆಮೇಲೆ ತಣ್ಣಗಾಗ್ಲಿ ಅಂತ ಡಾಕ್ಟ್ರು ಹೊಳೇಲಿ ಮುಳುಗ್ಸಿಟ್ರು. ಆಮೇಲೆ ಎಲ್ರೂ ಕುಡಿದ್ರು. ಇಬ್ರೂ ಕುಡಿದ್ರು! ಇದ್ರಿಂದ ಏನು ಬಂತು ಭಾಗ್ಯ?" ಫೆಲಿಯು ಕಾಲು ನೆಲಕ್ಕೆ ಅಪ್ಪಳಿಸಿ ಹೊಳೆಯ ಅಂಚಿಗೆ ಹೋದ.

ಅಲ್ಲೂ ನೆಮ್ಮದಿ ಇಲ್ಲ. ಬಾಲ ಕುಣಿಸುವ ಹಳದಿ ಹೊಟ್ಟೆಯ ಕುಂಡೆಕುಸ್ಕ ಹಕ್ಕಿಯೊಂದು ಕೊಕ್ಕಿನ ತುಂಬ ಹುಳ ಕಚ್ಚಿಕೊಂಡು ಸೇತುವೆಯ ಕಂಬದ ತನಕ ಹಾರುತ್ತಿತ್ತು, ವಾಪಸು ಬರುತ್ತಿತ್ತು, ಅದರ ಜೋಡಿ ಕಲ್ಲಿನ ಮೇಲೆ ಕೂತು ಕಿರುಚುತ್ತಿತ್ತು. ಊಟದ ಹೊತ್ತಿನಲ್ಲಿ ಅಜ್ಜಿ ಇದೇ ಹಕ್ಕಿಯನ್ನು ತೋರಿಸಿ "ಸಂಸಾರಸ್ಥೆ ನೋಡು, ಒಂದು ಗಳಿಗೆ ಪುರುಸೊತ್ತಿಲ್ಲ, ಒಳಗ್ಹೋಗಿ ಹೊರಗ್ಬಂದು" ಎಂದು ನಕ್ಕಿದ್ದಳು.

"ಸುಮ್ನಿರೇ ತಾಯಿ, ನೀನೊಬ್ಳು ಬಾಕಿ!" ಫೆಲಿಯು ಕಲ್ಲೊಂದನ್ನು ಎತ್ತಿದ.

ಹಿಂದಿನಿಂದ ಬಂದ ನರ್ಸಿಸ್ ಅವನ ಕೈ ಹಿಡಿದುಕೊಂಡ. ಬಹಳ ಹೊತ್ತು ಹಕ್ಕಿಯನ್ನೇ ನೋಡಿದ. "ಎಲ್ರನ್ನೂ ಇಲ್ಲಿಗೆ ಕರಿ. ಗಿಂಡಿ ತೊಳೆದು ಹೊಳೆ ನೀರು ತುಂಬು."

ಎಲ್ಲರೂ ಸೇತುವೆಯ ಬುಡದಲ್ಲಿ ಸೇರಿದರು. ಓಲೆಗೆರ್ ಗೊಣಗಿದ, ಅಜ್ಜಿ ಮೂಗು ಒರೆಸಿಕೊಂಡಳು.

"ನಮ್ಮ ನಿದ್ದೆ ದೇವ್ರು ಕೊಟ್ಟಿದ್ದಲ್ಲ, ಗಿಂಡಿ ಕೊಟ್ಟಿದ್ದು," ಎಂದು ನರ್ಸಿಸ್ ಶುರುಮಾಡಿದ. "ವೈನಿಗೆ ನಿದ್ದೆ ಮಾತ್ರೆ ಪುಡಿ ಬಿದ್ದಿದೆ. ಬೆರೆಸಿದೋನು ಕುಡಿದಿರಲ್ಲ. ಫೆಲಿಯು ಕುಡೀಲಿಲ್ಲ, ಸರಿ. ಆದ್ರೆ ತುಂಬಿದ ಮೇಲೆ ಅವನು ಗಿಂಡಿ ಹತ್ರಾನೇ ಬರ್ಲಿಲ್ಲ. ನನ್ನ ಪಕ್ಕದಲ್ಲೇ ಕೂತು ಕಾಳು ಮುಕ್ಕಿ, ಎದ್ದು ಚಕ್ರಕ್ಕೆ ಹೋದ. ಮುಟ್ಟಿದೋರು ಓಲೆಗೆರ್, ಡಾಕ್ಟ್ರು. ಇಬ್ರೂ ಗಿಂಡಿ ಎತ್ತಿದ್ರು. ಎತ್ತಿದೋರೆಲ್ಲ ಕುಡಿದ್ರು ಅಂತ ನಂಬೋದು ನಮ್ಮ ಜನದ ಚಾಳಿ. ತುಟಿ ತಾಗ್ಸಲ್ವಲ್ಲ, ಕುಡಿದ ಗುರುತೇ ಉಳಿಯಲ್ಲ. ಓಲೆಗೆರ್ ಧಾರೆ ಬಾಯಿಗೆ ಬೀಳೋದನ್ನ ನಾನೇ ಕಣ್ಣಾರೆ ನೋಡ್ದೆ. ಡಾಕ್ಟ್ರೇ, ನೀವು 'ನೋಡ್ಬೇಡಿ, ನಗ್ತೀರಿ' ಅಂತ ಬೆನ್ನು ತಿರುಗಿಸ್ಕೊಂಡ್ರಿ. ನಾವೂ ಪಾಪ ಅಂತ ನೋಡ್ಲಿಲ್ಲ."

"ಅದ್ರಲ್ಲಿ ತಪ್ಪೇನಿದೆ?"

"ಬೆಳಗ್ಗೆ ಸಾಂತಾ ಪೌ ಊರಲ್ಲಿ ತಿಂಡಿಗೆ ಕೂತು ಗಿಂಡಿ ಎತ್ತಿದಾಗ ನಿಮ್ಮ ಕಾಲರ್ ತೋಯ್ತು. ಬೆಸಲೂನಲ್ಲಿ ಎದೆ ತೋಯ್ತು. ಅಲ್ಲೇ ಅಂಗಿ ಬದಲಾಯಿಸಿ 'ಇದೇ ಕೊನೇದು' ಅಂದ್ರಿ. ಆ ಕೊನೇ ಅಂಗಿ ಈಗ್ಲೂ ಹಾಲಿನ ಹಾಗಿದೆ. ಎರಡು ಊರು ದಾಟೋದ್ರೊಳಗೆ ಕೈ ಪಳಗ್ಬಿಡ್ತಾ? ತಗೊಳ್ಳಿ, ಬರೀ ನೀರು. ಒಂದು ಗುಟುಕು ಕುಡೀರಿ."

ಡಾಕ್ಟರು ಗಿಂಡಿ ಎತ್ತಿದರು. ಧಾರೆ ಮೂಗಿಗೆ ಬಿತ್ತು, ಗಲ್ಲಕ್ಕೆ ಹರಿಯಿತು, ಅಂಗಿ ಎದೆಗೆ ಅಂಟಿತು. ಓಲೆಗೆರ್ ನಗಲು ಬಾಯಿ ತೆರೆದವನು ಮುಚ್ಚಿಕೊಂಡ.

"ಒದ್ದೆ ಅಂಗಿ ಸಾಕ್ಷಿ ಅಲ್ಲ, ಇನ್‌ಸ್ಪೆಕ್ಟರೇ."

"ಅಲ್ಲ. ಸಾಕ್ಷಿ ಅಲ್ಲಿ ಕಿರುಚ್ತಾ ಇದೆ," ನರ್ಸಿಸ್ ಕಂಬದತ್ತ ಕೈ ತೋರಿಸಿದ. "ಬೆಸಲೂ ಸೇತುವೆ ಮೇಲೆ ಪಾಠ ಮಾಡಿದ್ರಲ್ಲ, ಕಟ್ಟೋ ಕಾಲದಲ್ಲಿ ತೊಲೆ ಸಿಗಿಸೋಕೆ ಕಂಬದಲ್ಲಿ ಚೌಕದ ತೂತು ಬಿಡ್ತಿದ್ರು, ಒಂದು ತೋಳು ಆಳ ಅಂತ. ಊಟದ ತನಕ ಆ ಹಕ್ಕಿ ಅಂಥ ತೂತಿಗೆ ಹೋಗಿ ಬರ್ತಿತ್ತು. ಈಗ ಬಾಯಲ್ಲಿ ಹುಳ ಇಟ್ಕೊಂಡು ಹೊರಗೇ ಒದ್ದಾಡ್ತಿದೆ. ಅದರ ಬಾಗ್ಲಿಗೆ ಯಾರೋ ಅಡ್ಡ ಕೂತಿದಾರೆ. ಫೆಲಿಯು, ಕೈ ಹಾಕು."

ಫೆಲಿಯು ನೀರಂಚಿನ ಕಲ್ಲಿನ ಮೇಲೆ ನಿಂತು ತೂತಿಗೆ ಕೈ ಹಾಕಿದ. ಬಟ್ಟೆ ಸಿಕ್ಕಿತು. ಎಳೆದ. ಕರವಸ್ತ್ರದಲ್ಲಿ ಸುತ್ತಿದ ಕರಿಮರದ ಮಾತೆ ಅವನ ತೋಳಿಗೆ ಬಂದಳು. ಹಿಂದಿನಿಂದ ಮರಿಗಳ ಚಿಲಿಪಿಲಿ ಕೇಳಿತು. ಅವನು ಸರಿಯುವ ಮೊದಲೇ ತಾಯಿಹಕ್ಕಿ ಅವನ ಕಿವಿ ಸವರಿಕೊಂಡು ಒಳಗೆ ನುಗ್ಗಿತು.

"ಬೆಳಗ್ಗೆ ಅಜ್ಜಿ ತಮಾಷೆ ಮಾಡಿದ್ರು," ನರ್ಸಿಸ್‌ನ ದನಿ ಇಳಿದಿತ್ತು. "'ಸಾಂತ್ ಗ್ರಾವ್ ಮಾತೆ ನಗರದ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲಿದಾಳೆ ಅಂತ ಬರೆದ್ರಲ್ಲ ಡಾಕ್ಟ್ರೇ, ಈಗ ಹೊಸ ಪುಸ್ತಕ ಬರೀರಿ' ಅಂತ. ನಾವೆಲ್ಲ ನಕ್ವಿ. ನೀವು ಭೂತಕನ್ನಡಿ ಹಿಡಿದು ಇವಳನ್ನ ನೋಡಿ ಸುಮ್ನಾದ್ರಿ."

ಕ್ಲಿಮೆಂಟ್ ಒದ್ದೆ ಅಂಗಿಯ ತುದಿ ಹಿಂಡಿದರು. "ಇವಳೇ ನಿಜವಾದೋಳು. ಕಂಡ ತಕ್ಷಣ ಗೊತ್ತಾಯ್ತು. ನನ್ನ ಜೀವಮಾನದ ಕೆಲಸ ಆ ಪುಸ್ತಕ… ಅದು ಸುಳ್ಳು ಅಂತ ಸಂಜೆ ಊರೆಲ್ಲ ಸೇರಿ ನನ್ನ ಬಾಯಿಂದಲೇ ಹೇಳಿಸ್ತಿತ್ತು. ನಾನು ಒಡೀತಿರ್ಲಿಲ್ಲ, ಆಣೆ. ನಾನು ರಾತ್ರಿ ನುಂಗೋ ಮಾತ್ರೇನೇ ವೈನಿಗೆ ಹಾಕಿ ಬಚ್ಚಿಟ್ಟೆ ಅಷ್ಟೇ."

"ನಿಮ್ಮ ಪುಸ್ತಕ ಸುಳ್ಳಾಗ್ಬಾರ್ದು ಅಂತ ಈ ಹುಡುಗನ ಮನೆತನ ಇನ್ನೊಂದು ಸಲ ಕಳ್ಳರಾಗ್ಲಿ ಅಂದ್ರಾ?" ಎಂದಳು ಎಂಗ್ರಾಸಿಯಾ.

ಓಲೆಗೆರ್ ಅಂಗಿತೋಳು ಮಡಚಿಕೊಂಡು ಹೋಗಿ, ಚಕ್ರದ ನಟ್ಟಿಗೆ ಫೆಲಿಯುವಿನ ಜೊತೆ ತಾನೂ ಕೈ ಹಾಕಿದ. ಇಬ್ಬರೂ ಅದರ ವಂಶವನ್ನೆಲ್ಲ ಬೈದ ಮೇಲೆ ಅದು ಸಡಿಲಾಯಿತು.

ಹೊತ್ತು ಇಳಿಯುವ ಮುಂಚೆ ವ್ಯಾನು ಸಾಂತ್ ಗ್ರಾವ್ ತಲುಪಿತು. ಕ್ಲಿಮೆಂಟ್ ಹಿಂದಿನ ಸೀಟಿನಿಂದ ಇಳಿಯಲಿಲ್ಲ. ನರ್ಸಿಸ್ ಬಾಗಿಲಿಗೆ ಒರಗಿ ನಿಂತ. ಬ್ಯಾಂಡು ಶುರುವಾಗುತ್ತಿದ್ದಂತೆ ಅಜ್ಜಿ ಮಾತೆಯನ್ನು ಫೆಲಿಯುವಿನ ಮುಂದೆ ಹಿಡಿದಳು.

"ಬೇಡಜ್ಜಿ, ಕೈಯೆಲ್ಲ ಗ್ರೀಸು."

"ಇರ್ಲಿ. ಗೋಡೆ ಸುಣ್ಣ, ಹಕ್ಕಿ ಹಿಕ್ಕೆ ಎಲ್ಲ ಸಹಿಸಿದಾಳೆ. ಹಿಡ್ಕೊ."

ಜನ ದಾರಿ ಬಿಟ್ಟರು. ಫೆಲಿಯು ಯಾರ ಮುಖವನ್ನೂ ನೋಡದೆ ಗುಡಿಯೊಳಗೆ ನಡೆದು, ಮಾತೆಯನ್ನು ಅವಳ ಬರಿದಾದ ಗೋಡೆಗೂಡಿನಲ್ಲಿ ನಿಲ್ಲಿಸಿದ. ತಿರುಗಿದಾಗ ಎದುರಿಗೆ ಗಂಟೆ ಹೊಡೆಯುವ ಮುದುಕ ಮೆಟ್. ಅವನಪ್ಪನೇ ಅಂದು ಪ್ಲನೆಲ್ಯನ ಕೈಯಿಂದ ಹಗ್ಗ ಕಿತ್ತುಕೊಂಡವನು. ಮೆಟ್ ಟೊಪ್ಪಿಗೆ ತೆಗೆದ. ಹಗ್ಗದ ತುದಿಯನ್ನು ಫೆಲಿಯುವಿನ ಗ್ರೀಸಿನ ಕೈಗೆ ಕೊಟ್ಟ.

"ಜೋರಾಗಿ ಎಳಿಯಪ್ಪ," ಎಂದ. "ನಿಮ್ಮಜ್ಜನಿಗೂ ಕೇಳ್ಲಿ."

ಫೆಲಿಯು ಎಳೆದ. ಆ ದಿನ ಅವನ ಕೈಗೆ ತಕರಾರಿಲ್ಲದೆ ಬಗ್ಗಿದ್ದು ಆ ಹಗ್ಗವೊಂದೇ.