ಮೆತ್ತನೆ ಅಲೆಗೊಂದು ಬೋರ್ಡು

"ನಿಮ್ಮ ತೂಕ ಎಷ್ಟು?"

ಬಸವೇಶ್ ಕಳಿಸಿದ ಮೆಸೇಜ್ ಅಷ್ಟೇ. ಒಂದು ಗುಡ್ ಮಾರ್ನಿಂಗ್ ಇಲ್ಲ, ತಿಂಡಿ ಆಯ್ತಾ ಅನ್ನೋದೂ ಇಲ್ಲ. ಮೈ ಉರಿದುಹೋಯಿತು. ಮೊನ್ನೆ ತಾನೇ ನನ್ನನ್ನು ನೋಡಲು ಮೈಸೂರಿನಿಂದ ಬಂದವರು ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಮನೆಗೆ ಹೋಗಿ "ಗಾನವಿ ಸ್ವಲ್ಪ ದಪ್ಪ ಆದಳು" ಎಂದು ಫೋನ್ ಮಾಡಿದ್ದರು. ಭಾನುವಾರ ಇನ್ನೊಂದು ಕಡೆಯವರು ಬರುತ್ತಾರೆ. ಅಮ್ಮ ಆಗಲೇ ನನ್ನ ತಟ್ಟೆಯ ಮುದ್ದೆ ಸಣ್ಣದು ಮಾಡಿದ್ದಾಳೆ. ಈಗ ಇವನೂ ತಕ್ಕಡಿ ಹಿಡಿದು ನಿಂತನಾ?

ಬಸವೇಶ್ ನಂಜನಗೂಡಿನವನು, ಅಪ್ಪನ ಪೇಂಟ್ ಅಂಗಡಿ ನೋಡಿಕೊಳ್ಳುತ್ತಾನೆ. ಮೂಲ್ಕಿಯ ಸರ್ಫಿಂಗ್ ಕ್ಯಾಂಪಿನಲ್ಲಿ ಸಿಕ್ಕವನು. ನಾನು ಉಪ್ಪುನೀರು ಕುಡಿದು ಎದ್ದಾಗಲೆಲ್ಲ ನಗದೆ ಇದ್ದವನು ಅವನೊಬ್ಬನೇ. ಅಲ್ಲಿಂದ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಮುದ್ರದ ಹುಚ್ಚೋ, ಅವನ ಹುಚ್ಚೋ ಬಿಡಿಸಿ ಹೇಳಲಾರೆ. ನನಗೊಂದು ಸೆಕೆಂಡ್ ಹ್ಯಾಂಡ್ ಸರ್ಫ್ ಬೋರ್ಡು ಹುಡುಕಿಕೊಡಿ ಎಂದು ಫೋಟೋ ಸಮೇತ ಕೇಳಿದ್ದೆ. ಆರಡಿಯ ತೆಳ್ಳನೆ, ಚೂಪು ಮೂತಿಯ ಬೋರ್ಡು.

ಉತ್ತರ ಕೊಡಲಿಲ್ಲ. ಆದರೆ ಫೋನನ್ನು ನಿಮಿಷಕ್ಕೊಂದು ಸಲ ತಿರುಗಿಸಿ ಮುರುಗಿಸಿ ನೋಡಿದೆ. ಶುಕ್ರವಾರ ಬೆಳಿಗ್ಗೆ ಅವನೇ ಕಾಲ್ ಮಾಡಿದ. "ನಿಮ್ಮೂರು ನರಸೀಪುರದಲ್ಲೇ ಇದೀನಿ. ಸಂಗಮದ ಹತ್ರ ಬನ್ನಿ."

ಹೋಗಬಾರದು ಅಂದುಕೊಳ್ಳುತ್ತಲೇ ಜಡೆ ಹಾಕಿಕೊಂಡೆ.

ಗೂಡ್ಸ್ ಆಟೋದಿಂದ ಎರಡು ಬೋರ್ಡು ಇಳಿಸುತ್ತಿದ್ದ. ಒಂದು ನಾನು ಕೇಳಿದ್ದು. ಇನ್ನೊಂದು ಎಂಟಡಿ ಉದ್ದ, ಅಗಲ, ದಪ್ಪ, ಮನೆ ಬಾಗಿಲಿನಷ್ಟಿತ್ತು.

"ನನಗಾ ಅದು?"

"ಎರಡರ ಮೇಲೂ ಮಲಗಿ ನೋಡಿ. ಯಾವುದು ಬೇಕೋ ಇಟ್ಕೊಳ್ಳಿ."

ಮೊಣಕಾಲುದ್ದ ನೀರಿನಲ್ಲಿ ಚೂಡಿದಾರದಲ್ಲೇ ಆರಡಿಯದರ ಮೇಲೆ ಮಲಗಿದೆ. ಮುಳುಗಿತು. ಕಪಿಲೆಯ ನೀರು ಗಲ್ಲಕ್ಕೆ ಬಂತು, ಜೊತೆಗೆ ಅಳುವೂ ಬಂತು.

"ಸಾಕಾ? ತೂಕ ಗೊತ್ತಾಯ್ತಾ ಈಗ?"

ಅವನು ಕಕ್ಕಾಬಿಕ್ಕಿಯಾದ. ಪ್ಯಾಂಟು ಮಡಚಿ, ಅದೇ ಬೋರ್ಡಿನ ಮೇಲೆ ತಾನು ಮಲಗಿದ. ಕಡ್ಡಿಯಂತಿರುವ ಅವನನ್ನೂ ಅದು ಹೊರಲಿಲ್ಲ.

"ಎಷ್ಟು ಲೀಟರ್ ಬೋರ್ಡು ಬೇಕು ಅಂತ ನೋಡೋಕೆ ತೂಕ ಕೇಳಿದ್ದು ಕಣ್ರೀ."

"ಲೀಟರಾ? ನನ್ನೇನು ಡೈರಿಗೆ ಹಾಕ್ತೀರಾ?"

"ಅಯ್ಯೋ, ಕೇಳಿ ಇಲ್ಲಿ. ಬೋರ್ಡಿನ ಗಾತ್ರನ ಲೀಟರ್ ಲೆಕ್ಕದಲ್ಲೇ ಹೇಳೋದು. ಮೂಲ್ಕಿಲಿ ಈಗ ಅಲೆ ಸಣ್ಣದು, ಮೆತ್ತಗಿರುತ್ತೆ, ತಳ್ಳೋ ಶಕ್ತಿನೇ ಇರಲ್ಲ. ಬೋರ್ಡು ಉದ್ದ, ದಪ್ಪ ಇದ್ರೆ ಅಂಥ ಅಲೆನೂ ಎತ್ಕೊಂಡು ಹೋಗುತ್ತೆ. ವೀಕ್ ಆಗಿರೋದು ಅಲೆ, ನೀವಲ್ಲ."

ಎಂಟಡಿಯದರ ಮೇಲೆ ಮಲಗಿಸಿ, ಹಿಂದಿನಿಂದ ಬೋರ್ಡು ಹಿಡಿದು ಮೆಲ್ಲಗೆ ತಳ್ಳಿದ. ಹಾಯಾಗಿ ತೇಲಿದೆ. ತಿರುಗಿದರೆ ನನ್ನನ್ನೇ ನೋಡುತ್ತಿದ್ದ. ಕಣ್ಣು ಸಿಕ್ಕಿದ ಕೂಡಲೇ ಬೋರ್ಡಿನ ತುದಿ ನೋಡಿದ. ಕಿವಿ ಕೆಂಪಾಗಿತ್ತು. ಯಾವಾಗಲೂ ಇದೇ ಆಟ ಇವನದು. ಗಾಳಿ, ಅಲೆ, ಬೋರ್ಡು ಎಲ್ಲ ಮಾತಾಡುತ್ತಾನೆ, ನನಗೆ ಬೇಕಾದ ಮಾತೊಂದನ್ನು ಬಿಟ್ಟು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಭಾನುವಾರ ನನ್ನ ನೋಡೋಕೆ ಬರ್ತಿದ್ದಾರೆ."

ಬೋರ್ಡು ಗಕ್ಕನೆ ನಿಂತಿತು. "ಯಾರು?"

"ಯಾರೋ. ನೀವು ಬರಬೇಕು ಅಂತ ನನ್ನಾಸೆ. ನೀವಂದ್ರೆ ನನಗಿಷ್ಟ. ಹೇಳಿಬಿಟ್ಟೆ. ಈಗ ನೀವೂ ಏನಾದ್ರೂ ಹೇಳಿ, ಇಲ್ಲ ಬೋರ್ಡು ಬಿಡಿ."

ಬಿಡಲಿಲ್ಲ. ನನ್ನನ್ನು ಬೋರ್ಡಿನ ಸಮೇತ ದಡಕ್ಕೆ ಎಳೆದುಕೊಂಡು ಹೋದ. ಮೆಟ್ಟಿಲ ಮೇಲಿಟ್ಟಿದ್ದ ಫೋನನ್ನು ಒದ್ದೆ ಕೈಯಲ್ಲೇ ಎತ್ತಿಕೊಂಡ.

"ಅಪ್ಪಾ, ನಾಳೆ ಅಂಗಡಿ ಬಾಗಿಲು ಹಾಕಿ. ನೀವು, ಅಮ್ಮ ರೆಡಿಯಾಗಿ, ನರಸೀಪುರಕ್ಕೆ ಹೋಗ್ಬೇಕು. ಭಾನುವಾರ ಆಗಲ್ಲಪ್ಪಾ, ನಾಳೆನೇ. ಹುಡುಗಿ ನೋಡೋಕಲ್ಲ. ನಾನು ನೋಡಿ ಆಗಿದೆ. ಕೇಳೋಕೆ."