ಮಂಗಳವಾರ ಬಂದ ಕರೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಜಯಲಕ್ಷ್ಮಮ್ಮನ ಎಸ್.ಟಿ.ಡಿ. ಬೂತಿನ ಎದುರು ಒಂದು ತಳ್ಳುಗಾಡಿ ಬಂದು ನಿಂತಿತು. ಗಾಡಿಯ ಮೇಲೆ ಮೂರು ಹೊಲಿಗೆ ಮಿಷನ್ನುಗಳು, ಅಲುಗಾಡದಂತೆ ಹಗ್ಗ ಬಿಗಿದಿತ್ತು.

ಮೂರೂ ನೂರ್ ಫಾತಿಮಾಳವು. ಮಧ್ಯದ್ದರ ಚಕ್ರಕ್ಕೆ ಹಸಿರು ರಿಬ್ಬನ್ನು ಕಟ್ಟಿತ್ತು. ಅವಳ ಗಂಡ ಮುಖ್ತಾರ್ ಅಹಮದ್ ಕೊನೆಯದಾಗಿ ತಂದುಕೊಟ್ಟ ಮಿಷನ್ನು ಅದು. ಅವನು ತೀರಿಕೊಂಡು ಎರಡು ವರ್ಷವಾಗಿದ್ದರೂ ಅವನು ಕಟ್ಟಿದ ರಿಬ್ಬನ್ನನ್ನು ಅವಳು ಬಿಚ್ಚಿರಲಿಲ್ಲ.

ಫಾತಿಮಾ ಒಳಗೆ ಬಂದಳು. ಬೆಂಚಿನ ಮೇಲಿದ್ದ ಸ್ಲೇಟನ್ನು ಎಂದಿನಂತೆ ಪಕ್ಕಕ್ಕೆ ಸರಿಸಿದಳು, ಆದರೆ ಕೂರಲಿಲ್ಲ. ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ರವಿಕೆ ಬಟ್ಟೆ, ಜಯಕ್ಕ. ಕತ್ತರ್ಸಿ ಇಟ್ಟಿದ್ದೆ. ಬೇರೆ ಯಾರ ಹತ್ರಾನಾದ್ರೂ ಹೊಲಿಸ್ಕೊಳ್ಳಿ."

"ಯಾಕೆ?"

"ನನ್ನ ಹತ್ರ ಇನ್ನು ಮಿಷನ್ ಇಲ್ವಲ್ಲ."

ಜಯಲಕ್ಷ್ಮಮ್ಮ ಗಾಡಿಯನ್ನು ನೋಡಿದಳು, ಫಾತಿಮಾಳ ಮುಖ ನೋಡಿದಳು. ಮೇ ತಿಂಗಳು. ಶಾಲೆ ತೆರೆಯಲು ಮೂರು ವಾರವಿಲ್ಲ. ಹೊಲಿಯುವವರು ಊಟ ಬಿಟ್ಟು ಹೊಲಿಯುವ ಕಾಲ. ಈಗ ಮಿಷನ್ನು ಮಾರುವುದೆಂದರೆ?

ಬೂತು ಶುರುವಾಗಿ ಐದು ವರ್ಷವಾಗಿತ್ತು. ಬಿ.ಎ. ಓದಿ, ಮದುವೆಯಾದ ಎರಡನೇ ವರ್ಷಕ್ಕೇ ಪಾಂಡವಪುರದ ತವರಿಗೆ ಮರಳಿದ್ದ ಜಯಲಕ್ಷ್ಮಮ್ಮನಿಗೆ ಈಗ ತವರೂ ಇರಲಿಲ್ಲ. ಬೂತಿನ ಹಿಂದಿನ ಕೋಣೆಯೇ ಮನೆ. ಊರವರೆಲ್ಲ ಅವಳ ಕಣ್ಣೆದುರು ಗಾಜಿನ ಡಬ್ಬಿಯೊಳಗೆ ನಿಂತು ಅಳುತ್ತಿದ್ದರು, ನಗುತ್ತಿದ್ದರು, ಸಾವಿನ ಸುದ್ದಿ ಹೇಳುತ್ತಿದ್ದರು. ಅವಳು ಬಿಲ್ಲು ಹರಿದು ಕೊಡುತ್ತಿದ್ದಳು. ಅವಳನ್ನು ಕೇಳಿಕೊಂಡು ಮಾತ್ರ ಒಂದು ಕರೆಯೂ ಬಂದದ್ದಿಲ್ಲ. ಫಾತಿಮಾ ದಿನಕ್ಕೊಮ್ಮೆ ಯಾವಾಗಲಾದರೂ ಬಂದು ಬೆಂಚಿನ ಮೇಲೆ ಕೂತು ಗುಂಡಿ ಹಚ್ಚುವಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಇನ್ನೊಬ್ಬರು ಕೂತಿದ್ದಾರೆ ಎನ್ನುವುದಷ್ಟೇ ಸಾಕಾಗಿತ್ತು.

"ಕೂತ್ಕೋ. ಎಲ್ಲಾ ಹೇಳು."

"ಯಾರಿಗೂ ಹೇಳ್ಬಾರ್ದು ಅಂದವ್ರೆ."

"ಯಾರು ಅಂದವರು?"

ಫಾತಿಮಾ ಗಾಜಿನೊಳಗಿನ ಫೋನಿನತ್ತ ನೋಡಿದಳು.

ಜಯಲಕ್ಷ್ಮಮ್ಮನಿಗೆ ಆ ಕರೆಗಳು ನೆನಪಾದವು. ಹದಿನೈದು ದಿನದಲ್ಲಿ ನಾಲ್ಕು ಸಲ ಫಾತಿಮಾಳನ್ನು ಕೇಳಿಕೊಂಡು ಕರೆ ಬಂದಿತ್ತು. ನಾಲ್ಕು ಸಲವೂ ರಿಸೀವರನ್ನು ಅವಳ ಕೈಗೆ ಕೊಟ್ಟವಳು ತಾನೇ. ಮಾತಾಡಿ ಬಂದವಳ ಮುಖ ಬಿಳುಚಿದ್ದನ್ನು ನೋಡಿಯೂ ಕೇಳಿರಲಿಲ್ಲ. ಬೂತಿನವಳು ಕೇಳಬಾರದು ಎಂದು ತನಗೆ ತಾನೇ ಹಾಕಿಕೊಂಡ ನಿಯಮ.

"ಏನಂದ್ರು?"

"ಮೈಸೂರಿನ ವಕೀಲ್ರ ಆಫೀಸಂತೆ. ಜಫರ್ ಲಾರಿ ಸಾಲಕ್ಕೆ ನಮ್ಮ ಮನೆಯವ್ರು ಜಾಮೀನು ಹಾಕಿದ್ರಂತೆ. ಅಸಲು, ಬಡ್ಡಿ ಸೇರಿ ಹನ್ನೆರಡು ಸಾವ್ರ. ನಾಳೆಯೊಳ್ಗೆ ಕಟ್ಲಿಲ್ಲ ಅಂದ್ರೆ ದಾವೆ, ಜಪ್ತಿ. ಪೊಲೀಸ್ರು ಬಂದು ನನ್ನ ಕರ್ಕೊಂಡು ಹೋಗ್ತಾರಂತೆ."

ಜಫರ್ ಮುಖ್ತಾರನ ತಮ್ಮ. ನಾಗಮಂಗಲದಲ್ಲಿ ಲಾರಿ ಇಟ್ಟುಕೊಂಡಿದ್ದ.

"ಕಾಗದ ಬಂತಾ? ನೋಟೀಸು, ಸಮನ್ಸು?"

"ಇಲ್ಲ."

"ಕೋರ್ಟಿನ ಅಮೀನ ಮನೆ ಹತ್ರ ಬಂದಿದ್ನಾ?"

"ಇಲ್ಲ."

"ವಕೀಲರ ಹೆಸರೇನು? ಲಾರಿ ನಂಬರು?"

"ಕೇಳ್ದೆ ಜಯಕ್ಕ. 'ಅದನ್ನೆಲ್ಲಾ ಕೋರ್ಟಲ್ಲಿ ಕೇಳಮ್ಮ' ಅಂತ ರೇಗಿದ್ರು."

"ನಮ್ಮ ಮಾವನ ಮೇಲೆ ದಾವೆ ಆದಾಗ ಅಮೀನ ಮೂರು ಸಲ ಬಂದ. ಬಾಗಿಲಿಗೆ ಕಾಗದ ಅಂಟಿಸಿದ, ಪಕ್ಕದ ಮನೆಯವರ ರುಜು ತಗೊಂಡ. ಕೋರ್ಟು ಫೋನು ಮಾಡಲ್ಲ ಕಣಮ್ಮ. ಸಾಲಕ್ಕೆ ಪೊಲೀಸರು ಬಂದು ಎಳಕೊಂಡು ಹೋಗಲ್ಲ. ಯಾರಿಗೂ ಹೇಳಬೇಡ, ನಾಳೆಯೇ ಕಟ್ಟು ಅಂತ ಅವಸರ ಮಾಡೋನು ಕೋರ್ಟಿನವನಲ್ಲ."

ಫಾತಿಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮಿಷನ್ ಹೋದ್ರೆ ಹೋಗ್ಲಿ. ಜಾಮೀನು ಕೇಳಿ ಜಫರ್ ಬಂದಾಗ ಎದುರಿನ ಬಟ್ಟೆ ಅಂಗ್ಡಿ ಮುಂದೇನೇ ಅಣ್ಣತಮ್ಮಂದ್ರಿಗೆ ಜಗ್ಳ ಆಗಿತ್ತು. ಸಹಿ ಹಾಕಿಲ್ಲ ಅಂತ ಇವ್ರು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ರು. ಈಗ ನೋಡಿದ್ರೆ... ಸುಳ್ಳು ಹೇಳಿ ಹೋದ್ರಾ ಜಯಕ್ಕ?"

ಸತ್ತವನನ್ನು ಕೇಳುವ ಫೋನು ಜಯಲಕ್ಷ್ಮಮ್ಮನ ಬೂತಿನಲ್ಲಿರಲಿಲ್ಲ.

"ಜಫರನ್ನ ಕೇಳಿದೆಯಾ?"

"ಅವ್ನೇ ಇದನ್ನೆಲ್ಲಾ ಮಾಡಿಸ್ತಾವ್ನೆ ಅಂತ ನನಗೆ ಅನುಮಾನ. ಈ ಬಕ್ರೀದಿಗೆ ಅವ್ನು ಬಂದಾಗ ನಾನು ಬಾಗಿಲೇ ತೆಗೀಲಿಲ್ಲ."

"ಈ ಮಿಷನ್ನು ಯಾರಿಗೆ?"

"ಸೋಮಯ್ಯನವ್ರಿಗೆ."

ಎದುರು ಸಾಲಿನ ಬಟ್ಟೆ ಅಂಗಡಿಯವರು. ದುಡ್ಡಿಗಾಗಿ ಫಾತಿಮಾ ಅವರೊಬ್ಬರಿಗೇ ವಿಷಯ ಹೇಳಿದ್ದಳು. ಸೋಮಯ್ಯನವರೇ ಹನ್ನೆರಡು ಸಾವಿರವನ್ನು ವಕೀಲರಿಗೆ ಮುಟ್ಟಿಸುವರಂತೆ. ಮಿಷನ್ನು ಅವರ ಅಂಗಡಿಯಲ್ಲಿರುವುದು. ಫಾತಿಮಾ ಅಲ್ಲೇ ಕೂತು ದಿನಗೂಲಿಗೆ ಹೊಲಿಯುವುದು.

"ಶಾಲೆ ಯೂನಿಫಾರಂ ಆರ್ಡರು? ಈ ಸಲ ಸೋಮಯ್ಯನವರನ್ನ ಬಿಟ್ಟು ನಿನಗೇ ನೇರವಾಗಿ ಕೊಟ್ಟಿದ್ರಲ್ಲ?"

"ಮಿಷನ್ನೇ ಅವ್ರ ಹತ್ರ ಇದ್ಮೇಲೆ ಆರ್ಡರ್ರೂ ಅವ್ರಿಗೇ ತಾನೆ."

ಹೊರಗೆ ಗಾಡಿಯ ದೇವಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡ. "ಬಿರ್‍ನೆ ಮುಗಿಸ್ರವ್ವ. ಮಿಷನ್ನು ಕಾದು ಕಾವಲಿ ಆಗ್ಬುಟ್ಟದೆ. ದೋಸೆ ಉಯ್ದುಬುಡ್ಲಾ?"

ರಸ್ತೆ ದಾಟಿ ಸೋಮಯ್ಯನವರೇ ಬಂದರು. ಬಿಳಿ ಪಂಚೆ, ಮೆಲುದನಿ.

"ಏನವ್ವ ಫಾತಿಮಾ, ಬಿಸ್ಲಲ್ಲಿ ಯಾಕೆ ನಿಲ್ಸಿದ್ದೀಯೆ? ಹನ್ನೊಂದರೊಳ್ಗೆ ವಕೀಲ್ರಿಗೆ ನಾನು ಮಾತು ಕೊಡ್ಬೇಕು."

"ನನ್ನ ರವಿಕೆ ಅಳತೆ ಹೇಳ್ತಾ ಇದ್ದೆ ಸೋಮಯ್ಯನವರೇ," ಎಂದಳು ಜಯಲಕ್ಷ್ಮಮ್ಮ. "ಐದೇ ನಿಮಿಷ."

ಅವರು ನಕ್ಕು ಹೊರಟರು. ಜಯಲಕ್ಷ್ಮಮ್ಮ ಅವರ ಬೆನ್ನನ್ನೇ ನೋಡುತ್ತಿದ್ದಳು. ಒಳ್ಳೆಯ ಮನುಷ್ಯ ಎಂದು ಊರೇ ಹೇಳುವವರ ಬಗ್ಗೆ ತಪ್ಪಾಗಿ ಯೋಚಿಸಿದರೆ?

"ಫಾತಿಮಾ, ಕೊನೇ ಕರೆ ಯಾವತ್ತು ಬಂತು?"

"ಮೊನ್ನೆ. ಮಂಗ್ಳವಾರ, ಮಧ್ಯಾಹ್ನ."

ಜಯಲಕ್ಷ್ಮಮ್ಮ ಮಂಗಳವಾರದ ಬಿಲ್ಲಿನ ನಕಲುಗಳನ್ನು ತೆಗೆದಳು. ಏಳೇ ಚೀಟಿ. ಉಳಿದ ದಿನ ಐವತ್ತಕ್ಕೆ ಕಡಿಮೆಯಿಲ್ಲ. ಯಾಕೆ ಏಳೇ?

ಬೆಂಚಿನ ಮೇಲಿದ್ದ ಸ್ಲೇಟಿನತ್ತ ಕಣ್ಣು ಹೋಯಿತು. ಅರ್ಧ ಅಳಿಸಿದ ಸೀಮೆಸುಣ್ಣದ ಅಕ್ಷರ. ಬರೆದವಳು ಅವಳೇ. ಮಂಗಳವಾರ ದಿನವಿಡೀ ಬಾಗಿಲಿಗೆ ಒರಗಿಸಿಟ್ಟವಳೂ ಅವಳೇ.

ಅವಳು ಬಾಗಿಲಿಗೆ ಬಂದು ಪಕ್ಕದ ಟೀ ಅಂಗಡಿಯತ್ತ ಕೂಗಿದಳು. "ಪುಟ್ಟಸ್ವಾಮಿ, ಸ್ವಲ್ಪ ಬಂದು ಹೋಗಪ್ಪ."

ಲೈನ್‌ಮನ್ ಪುಟ್ಟಸ್ವಾಮಿ ಟೀ ಲೋಟದೊಂದಿಗೇ ಬಂದ. "ಮತ್ತೆ ಕೆಟ್ಟೋಯ್ತಾ? ನನ್ನ ಬಯ್ಯಂಗಿಲ್ಲ ಕಣ್ರಕ್ಕ."

"ಕೆಟ್ಟಿಲ್ಲ. ಮಂಗಳವಾರದ್ದು ಹೇಳು. ಲೈನು ಎಷ್ಟೊತ್ತು ಹೋಗಿತ್ತು?"

"ಬೆಳಿಗ್ಗೆ ಎಂಟ್ರಿಂದ ಸಂಜೆ ಆರ್‍ಗಂಟ. ಶ್ರೀರಂಗಪಟ್ಣದ ತಾವ ರಸ್ತೆ ಅಗೆಯೋರು ಕೇಬಲ್ಲು ಕಿತ್ತಾಕ್ಬುಟ್ಟಿದ್ರಲ್ಲ."

"ಹೊರಗೆ ಕರೆ ಹೋಗ್ತಿರಲಿಲ್ಲ, ಸರಿ. ಒಳಗೆ ಬರ್ತಿತ್ತಾ? ಮೈಸೂರಿಂದ, ನಾಗಮಂಗಲದಿಂದ?"

"ಎಲ್ಲಿಂದ ಬಂದಾತು? ಮಂಡ್ಯವೂ ಇಲ್ಲ, ಕೆ.ಆರ್. ಪೇಟೆಯೂ ಇಲ್ಲ. ಊರೊಳ್ಗಿನವು ಒಂದ್ಕೊಂದು ಮಾತಾಡ್ಕೋಬೋದಿತ್ತು, ಅಷ್ಟೇಯ."

"ನೀನು ಇಲ್ಲೇ ಇರು."

ಜಯಲಕ್ಷ್ಮಮ್ಮ ಫಾತಿಮಾಳನ್ನು ಕೈ ಹಿಡಿದು ಗಾಜಿನ ಡಬ್ಬಿಯೊಳಗೆ ಕರೆದೊಯ್ದಳು. ಇಬ್ಬರು ನಿಲ್ಲಲು ಅಲ್ಲಿ ಜಾಗ ಸಾಲದು. ಬಟ್ಟೆ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರನ್ನು ನೋಡಿಕೊಂಡು ತಿರುಗಿಸಿದಳು.

ಎದುರು ಅಂಗಡಿಯಲ್ಲಿ ಸೋಮಯ್ಯನವರ ಅಳಿಯ ಕಿಶನ್ ಗಲ್ಲಾದಲ್ಲಿ ಕೂತಿದ್ದ. ಬಂದು ತಿಂಗಳಾಗಿತ್ತು. ಗಿರಾಕಿಗಳೊಂದಿಗೆ ಮಾತಾಡುವುದೆಲ್ಲ ಮಾವನೇ. ಅವನ ದನಿಯನ್ನು ಬೀದಿಯವರು ಕೇಳಿದ್ದು ಕಡಿಮೆ. ಅವನು ಕೈ ಚಾಚಿದ್ದು, ಫೋನೆತ್ತಿದ್ದು ಇಲ್ಲಿಂದ ನಿಚ್ಚಳವಾಗಿ ಕಾಣುತ್ತಿತ್ತು.

ಅವಳು ರಿಸೀವರನ್ನು ಫಾತಿಮಾಳ ಕಿವಿಗೆ ಹಿಡಿದಳು.

"ಮಾತಾಡಬೇಡ. ಕೇಳು. ಅಲ್ಲಿ ನೋಡ್ತಾ ಕೇಳು."

ರಸ್ತೆಯಾಚೆ ಕಿಶನ್ನನ ತುಟಿ ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಫಾತಿಮಾಳ ಉಸಿರು ಗಾಜಿನ ಮೇಲೆ ಮಬ್ಬು ಕಟ್ಟಿತು. ಅವಳು ನಿಧಾನವಾಗಿ ತಲೆಯಾಡಿಸಿದಳು.

"ಅದೇ," ಎಂದಳು. "ಅದೇ ದನಿ ಜಯಕ್ಕ."

ಬೀದಿಯಲ್ಲಿ ನಿಂತು ಗಂಡಸರೊಂದಿಗೆ ವಾದ ಮಾಡಿದ ಅಭ್ಯಾಸ ಜಯಲಕ್ಷ್ಮಮ್ಮನಿಗಿರಲಿಲ್ಲ. ಆದರೂ ಗಾಡಿಯ ಬಳಿ ಹೋಗಿ ಹಸಿರು ರಿಬ್ಬನ್ನಿನ ಮಿಷನ್ನಿನ ಮೇಲೆ ಕೈಯಿಟ್ಟು ನಿಂತಳು. ಸೋಮಯ್ಯನವರು ಮತ್ತೆ ಬಂದರು.

"ಗಾಡಿ ಆ ಕಡೆಗೆ ಬರಲ್ಲ, ಸೋಮಯ್ಯನವರೇ."

"ಅಂಗಂದ್ರೆ? ನಾಳೆ ಜಪ್ತಿ ಆದ್ರೆ ನೀನು ನಿಲ್ಲಿಸ್ತೀಯೇನವ್ವ?"

"ಜಪ್ತಿ ಮಾಡೋ ವಕೀಲರ ಹೆಸರು ಹೇಳಿ. ಇಲ್ಲಿಂದಲೇ ಫೋನು ಮಾಡೋಣ. ದುಡ್ಡು ನಾನು ಕೊಡ್ತೀನಿ."

ಸೋಮಯ್ಯನವರು ಕನ್ನಡಕ ತೆಗೆದು ಒರೆಸಿದರು. "ಕರೆ ಮೈಸೂರಿಂದ ಬತ್ತಿತ್ತಂತೆ. ನನಗೇನ್ ಗೊತ್ತು?"

"ಮಂಗಳವಾರ ಮೈಸೂರಿಂದ ಈ ಊರಿಗೆ ಒಂದು ಕರೆಯೂ ಬಂದಿಲ್ಲ. 'ಎಸ್.ಟಿ.ಡಿ. ಇಲ್ಲ' ಅಂತ ಸ್ಲೇಟಿನ ಮೇಲೆ ಬರೆದು ಸಂಜೆಯವರೆಗೂ ಜನರನ್ನ ವಾಪಸ್ಸು ಕಳಿಸಿದವಳು ನಾನು. ಅದರ ನಡುವೇನೇ ಇವಳಿಗೆ ಮೈಸೂರಿನ ಕರೆ ಕೊಟ್ಟವಳೂ ನಾನೇ. ನನಗೆ ಹೊಳೀಲಿಲ್ಲ. ಯಾಕೆ ಗೊತ್ತಾ? ಒಳಗೆ ಬರೋ ಕರೆಗೆ ಬಿಲ್ಲು ಬರಲ್ಲ. ಬಿಲ್ಲಿಲ್ಲದ್ದನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಕರೆ ಈ ಊರೊಳಗಿಂದಲೇ ಬಂದಿದ್ದು."

"ಊರಲ್ಲಿ ನೂರು ಫೋನು ಅವೆ."

"ಅವೆ. ಆದರೆ ನನ್ನ ಬೂತಿಗೆ ಫೋನು ಮಾಡಿ ಬೇರೆಯವರನ್ನ ಕೇಳೋರು ಏನಂತಾರೆ? 'ಕರೆಸಿಡಿ, ಹತ್ತು ನಿಮಿಷ ಬಿಟ್ಟು ಮಾಡ್ತೀನಿ' ಅಂತಾರೆ. ಐದು ವರ್ಷದಿಂದ ಅದನ್ನೇ ಕೇಳಿದೀನಿ. ಈ ಕರೆ ಮಾಡಿದ ಮನುಷ್ಯ ಒಂದು ಸಲವೂ ಹಾಗನ್ನಲಿಲ್ಲ. ಇವಳು ಒಂದು ದಿನ ಹನ್ನೊಂದಕ್ಕೆ ಬರ್ತಾಳೆ, ಒಂದು ದಿನ ನಾಲ್ಕಕ್ಕೆ. ಬಂದು ಸೂಜಿಗೆ ದಾರ ಪೋಣಿಸೋದರೊಳಗೆ ಫೋನು. ಇವಳಿಲ್ಲದಾಗ ಒಂದು ಸಲವೂ ಇಲ್ಲ. ಅವನು ಈ ಬೆಂಚನ್ನ ನೋಡ್ತಾ ಇದ್ದ. ಈ ಬೆಂಚು ಕಾಣೋ ಹಾಗೆ ಫೋನಿರೋದು ನಿಮ್ಮ ಅಂಗಡಿಯಲ್ಲಿ ಮಾತ್ರ. ದನಿ ನಿಮ್ಮ ಅಳಿಯಂದು. ಈಗ ತಾನೇ ಕೇಳಿದ್ವಿ. ಹೇಳಿಕೊಟ್ಟ ಮಾತು ನಿಮ್ಮವು. ಜಾಮೀನಿಗೆ ಅಣ್ಣತಮ್ಮಂದಿರ ಜಗಳ ಆಗಿದ್ದು ನಿಮ್ಮ ಅಂಗಡಿ ಮುಂದೆ. ಶಾಲೆ ಆರ್ಡರು ಕೈಬಿಟ್ಟು ಹೋಗಿದ್ದೂ ನಿಮ್ಮದೇ."

ಪುಟ್ಟಸ್ವಾಮಿ ಲೋಟದಲ್ಲಿ ಉಳಿದ ಟೀಯನ್ನು ಚರಂಡಿಗೆ ಚೆಲ್ಲಿದ.

"ಠಾಣೆ ದೂರ ಇಲ್ಲ ಸೋಮಯ್ನೋರೇ," ಎಂದ. "ಮಂಗ್ಳವಾರ ಲೈನಿರ್‍ನಿಲ್ಲ ಅಂತ ಬರ್‍ಕೊಡಕ್ಕೆ ನಾನಿವ್ನಿ."

ಸೋಮಯ್ಯನವರು ಫಾತಿಮಾಳತ್ತ ತಿರುಗಿದರು. ಕನ್ನಡಕ ಹಾಕಿಕೊಂಡು ರಸ್ತೆ ದಾಟಿದರು. ಸ್ವಲ್ಪ ಹೊತ್ತಿಗೆ ಅಂಗಡಿಯ ರೋಲಿಂಗ್ ಬಾಗಿಲು ಅರ್ಧಕ್ಕೆ ಇಳಿಯಿತು.

"ನಾಳೆ ಇಬ್ಬರೂ ಹೋಗಿ ದೂರು ಕೊಡೋಣ," ಎಂದಳು ಜಯಲಕ್ಷ್ಮಮ್ಮ. "ಇನ್ಯಾರಿಗೂ ಇವರು ಫೋನು ಮಾಡಬಾರದು."

ದೇವಯ್ಯ ಗಾಡಿ ತಿರುಗಿಸಿದ. "ಓದದ್ಕೊಂದು ಬಾಡ್ಗೆ, ಬಂದದ್ಕೊಂದು ಬಾಡ್ಗೆ ಕಣ್ರವ್ವ."

"ಹೋಗೇ ಇಲ್ವಲ್ಲೋ ನೀನು."

"ನಿಂತಿದ್ದಕ್ಕಾದ್ರೂ ಕೊಡಿ ಮತ್ತೆ."

ಫಾತಿಮಾ ನಗಲಿಲ್ಲ. ಗಾಡಿಯ ಹಿಂದೆ ಹೋಗಲೂ ಇಲ್ಲ. ಬೂತಿನ ಹೊಸ್ತಿಲಲ್ಲಿ ನಿಂತಿದ್ದಳು.

"ಮಂಗ್ಳವಾರ ನಾಗಮಂಗ್ಲದ ಲೈನೂ ಇರ್‍ಲಿಲ್ಲ ಅಂದ್ರಲ್ಲ."

"ಇರಲಿಲ್ಲ."

"ಅಂಗಾದ್ರೆ ಜಫರ್ ಅಲ್ಲ." ಅವಳು ಬ್ಲೌಸಿನೊಳಗಿನಿಂದ ಮಡಚಿದ ಚೀಟಿಯೊಂದನ್ನು ತೆಗೆದಳು. "ನಂಬರ್ ಹಾಕ್ಕೊಡಿ ಜಯಕ್ಕ."

ಜಯಲಕ್ಷ್ಮಮ್ಮ ನಂಬರು ಹಾಕಿಕೊಟ್ಟು ಹೊರಗೆ ಬಂದು ಗಾಜಿನ ಬಾಗಿಲನ್ನು ಎಳೆದುಕೊಂಡಳು. ಒಳಗೆ ಫಾತಿಮಾ ಮಾತಾಡಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ ಹಣೆಯನ್ನು ಗಾಜಿಗೆ ಒತ್ತಿಕೊಂಡು ಅತ್ತಳು. ಮೇಜಿನ ಮೇಲಿನ ಮೀಟರಿನಲ್ಲಿ ಕೆಂಪು ಅಂಕಿಗಳು ಏರುತ್ತಿದ್ದವು.

ಬಾಗಿಲು ತೆರೆಯಿತು. ರಿಸೀವರು ಇನ್ನೂ ಅವಳ ಕೈಯಲ್ಲೇ ಇತ್ತು.

"ಸಹಿ ಹಾಕಿರ್‍ಲಿಲ್ಲಂತೆ. ಜಫರ್‌ನ ಮಾವ ಹಾಕಿದ್ರಂತೆ. ಸಾಲ ತೀರಿ ವರ್ಷ ಆಯ್ತಂತೆ. ಇವ್ರು ನನಗೆ ಸುಳ್ಳು ಹೇಳಿರ್‍ಲಿಲ್ಲ ಜಯಕ್ಕ."

"ನಂಗೆ ಗೊತ್ತಿತ್ತು," ಎಂದಳು ಜಯಲಕ್ಷ್ಮಮ್ಮ. ಗೊತ್ತಿರಲಿಲ್ಲ.

ಫಾತಿಮಾ ರಿಸೀವರನ್ನು ಚಾಚಿದಳು. "ತಗೊಳ್ಳಿ. ಜಫರ್ ನಿಮ್ಮ ಜೊತೆ ಮಾತಾಡ್ಬೇಕಂತೆ."

"ನನ್ನ ಜೊತೆಗಾ?"

"ನಿಮ್ಮನ್ನೇ ಕೇಳ್ತಾವ್ನೆ."

ಐದು ವರ್ಷ ದಿನಾ ಒರೆಸಿಟ್ಟಿದ್ದ ರಿಸೀವರು ಕೈಗೆ ಬಂದಾಗ ಫಾತಿಮಾಳ ಕಿವಿಯ ಬಿಸಿ ಅದರಲ್ಲಿತ್ತು. ಜಯಲಕ್ಷ್ಮಮ್ಮ ಗಾಜಿನೊಳಗೆ ಹೋದಳು. ಮೀಟರಿನತ್ತ ನೋಡಲಿಲ್ಲ.

"ಹಲೋ," ಎಂದಳು. "ಜಯಲಕ್ಷ್ಮಮ್ಮ ಮಾತಾಡ್ತಿರೋದು."