ಮೊದಲ ಕಿವಿ

ನಂಜನಗೂಡಿನ ಶಿವರಾಜುವಿಗೆ ನಾಟಕವೆಂದರೆ ಅಷ್ಟಕ್ಕಷ್ಟೆ. ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವವನಿಗೆ ನಾಟಕವೂ ಒಂದೇ, ನಾಮಕರಣವೂ ಒಂದೇ. ಕಟ್ಟಬೇಕು, ಕಾಯಬೇಕು, ಬಿಚ್ಚಬೇಕು. ಅಂಥವನ ಕೊರಳಿಗೇ ಈ ನಾಟಕದ ಕಳವು ಬಂದು ಗಂಟುಬಿದ್ದಿತು.

ಅಂದು ಬೆಳಿಗ್ಗೆ ಅವನು ಎಂದಿನಂತೆ ರುದ್ರಾಣಿಯವರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ರುದ್ರಾಣಿಯವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅರ್ಧ ಆಯುಷ್ಯ ಸಾಕ್ಷಿಗಳ ಮಾತು ಕೇಳುವುದರಲ್ಲೇ ಕಳೆದವರಿಗೆ, ಯಾರ ಮಾತು ಎಲ್ಲಿ ಜಾರುತ್ತದೆಂಬುದು ಬೇಗ ತಿಳಿಯುತ್ತಿತ್ತು. ಪೊಲೀಸರ ಹತ್ತಿರ ಹೇಳಲಾಗದ್ದನ್ನು ಊರಿನವರು ಅವರ ಹತ್ತಿರ ತರುತ್ತಿದ್ದರು. ಅವರನ್ನು ತನ್ನ ಓಮ್ನಿ ವ್ಯಾನಿನಲ್ಲಿ ಕೂರಿಸಿಕೊಂಡು ತಿರುಗುವ ಕೆಲಸವನ್ನು ಯಾರೂ ಕೇಳದಿದ್ದರೂ ಶಿವರಾಜು ಮೈಮೇಲೆ ಹಾಕಿಕೊಂಡಿದ್ದ.

ಗೇಟು ತೆಗೆದು ಬಂದ ಹೆಂಗಸು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಬದನವಾಳಿನ ಗೋವಿಂದಮ್ಮ, ಖಾದಿ ಕೇಂದ್ರದಲ್ಲಿ ನೇಯುವವಳು.

"ಸತ್ತೋಗಿರೋ ನನ್ ಮಗನ್ನ ಕದ್ದವ್ರೆ ತಾಯಿ," ಎಂದಳು.

ಮಗನ ಹೆಸರು ಸಿದ್ಧಾರ್ಥ. ನಂಜನಗೂಡಿನ ಕಿರುನಾಟಕ ಬಳಗಕ್ಕೆ ಪ್ರತಿ ಭಾನುವಾರ ಬರುತ್ತಿದ್ದ ಹುಡುಗ. ಈಗಿನವರು ಬರೆದ ಸಣ್ಣ ಸಣ್ಣ ನಾಟಕಗಳನ್ನು ಒಟ್ಟಿಗೆ ಕೂತು ಓದಿ, ಹಿಡಿಸಿದ್ದೇನು, ಹಿಡಿಸದ್ದೇನು ಎಂದು ಮಾತಾಡುವ ಬಳಗ ಅದು. ತಾನೂ ಒಂದು ಬರೆಯುತ್ತಿದ್ದೇನೆ ಎಂದು ಅವನು ಅವ್ವನಿಗೆ ಹೇಳಿದ್ದ, ಬರೆದದ್ದೆಲ್ಲ ಫೋನಿನಲ್ಲೇ. ಮಳೆಗಾಲದಲ್ಲಿ ಡೆಂಗ್ಯೂ ಬಂತು. ಮೈಸೂರಿಗೆ ಕರೆದೊಯ್ದರೂ ಉಳಿಯಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಆ ಫೋನೂ ಕಳೆದುಹೋಯಿತು.

"ಓದ್ ವಾರ ನರಸೀಪುರದಲ್ಲಿ 'ಲಾಳಿ' ಅಂತ ನಾಟ್ಕ. ಪಕ್ಕದ್ಮನೆಯೋರು ಕರ್ಕಂಡೋದ್ರು. ಒಬ್ಳು ನೇಯೋಳು, ಮಗನ್ನ ಏನೇನೋ ಕೇಳ್ತಾಳೆ. ಅವ್ನು ಬಾಯ್ ಬುಡೋಕ್ ಮುಂಚೇನೆ ತಾನೇ ಉತ್ರ ಯೋಳ್ಕತಾಳೆ. ಅವ್ಳು ನಾನೇ ಕಣ್ ತಾಯಿ. ಅದಾದ್ರೂ ಓಗ್ಲಿ, ಎಲ್ಲಾ ತಾಯ್ದೀರೂ ಅಂಗೇ ಅನ್ಬೌದು. ಕೊನೇಲಿ ಮಗ 'ಅವ್ವ, ನಾಲ್ಗೆ ಒಣಗ್ತದೆ, ನೀರ್ ಕೊಡು' ಅಂತಾನೆ. ಅವ್ಳು 'ಬಿಸ್ನೀರೇ ಕುಡಿ ಮಗ, ತಣ್ಣೀರ್ ಆಗಾಕಿಲ್ಲ' ಅಂತ ಲೋಟ ಕೊಡ್ತಾಳೆ." ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಅದು ಆಸ್ಪತ್ರೆಗೆ ಕರ್ಕಂಡೋದ್ ದಿನ ನಾನು ಅವ್ನಿಗೆ ಯೋಳಿದ್ ಮಾತು. ಮನೇಲಿ ನಾವಿಬ್ರೇ ಇದ್ದಿದ್ದು."

ನಾಟಕ ಬರೆದವರು ನರಸೀಪುರದ ಹೇಮಂತ್ ಎಂದು ವೇದಿಕೆಯಲ್ಲಿ ಹೇಳಿದ್ದರು. ಆದರೆ ಗೋವಿಂದಮ್ಮನ ಅನುಮಾನ ದೀಪಕನ ಮೇಲೆ. ದೀಪಕ್ ಬಳಗದವನು, ಸಿದ್ಧಾರ್ಥನ ಗೆಳೆಯ; ಆ ದಿನ ಆಸ್ಪತ್ರೆಗೆ ಕಾರು ತಂದವನೂ ಅವನೇ.

"ನಮ್ಮನೇಲಿ ಉಂಡೋನು ತಾಯಿ. ಬಾಗ್ಲಲ್ ನಿಂತು ಕೇಳುಸ್ಕಂಡು ಓಗಿ ಅವ್ರಿಗ್ ಯೋಳವ್ನೆ. ಇನ್ಯಾರ್ ಯೋಳ್ತಾರೆ?"

"ಈಗ ನಿಮಗೆ ಏನಾಗಬೇಕು ಗೋವಿಂದಮ್ಮ?" ರುದ್ರಾಣಿ ಮೆಲ್ಲಗೆ ಕೇಳಿದರು.

"ಅದ್ಕೆ ನನ್ ಮಗನ ಎಸ್ರು ಬರ್ಬೇಕು. ಇನ್ನೇನೂ ಬುಟ್ಟೋಗ್ಲಿಲ್ವಲ್ಲ ಅವ್ನು."

ಅವಳು ಹೋದ ಮೇಲೆ ಶಿವರಾಜು ತಲೆ ಕೆರೆದುಕೊಂಡ. "ಅವತ್ತು ನರಸೀಪುರದಲ್ಲಿ ಮೈಕ್ ನಂದೇ ಮೇಡಮ್. ಎಂಥ ನಾಟ್ಕವೋ ಏನೋ. ಆ ತಾಯಿ ಪಾರ್ಟಿನೋಳು ಮಾತಾಡ್ತಾ ಮಾತಾಡ್ತಾ ಮಗ್ಗದ ಮರಕ್ಕೆ ಟಕ್ ಅಂತ ಬೆರಳಲ್ಲಿ ಬಡಿಯೋಳು, ಸುಮ್ನಾಗೋಳು. ನನ್ನ ಸ್ಪೀಕರ್ ಒಡ್ದೋಗ್ತದೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಮುಗುದ್ಮೇಲೆ ಜನವೆಲ್ಲ ಅದನ್ನೇ ಕೇಳಿದ್ರು, ಯಾಕೆ ಬಡೀತಾಳೆ ಅಂತ. ಅದು ಕಾಲ ಬಂದು ಬಾಗಿಲು ತಟ್ಟೋದು ಅಂದ ಆ ಹೇಮಂತ. ಚಪ್ಪಾಳೆ ಬೇರೆ."

"ಬಳಗದವರು ಯಾರಾದರೂ ಬಂದಿದ್ರಾ?"

"ದೀಪಕ್ ಇದ್ದ. ಆಮೇಲೆ ಸೋಮಶೇಖರ್ ಮೇಷ್ಟ್ರು, ಬಳಗ ನಡ್ಸೋರು. ಹೇಮಂತನ ಅಪ್ಪನೇ ಅವರು. ಕೊನೇಲಿ ಮೈಕ್ ಹಿಡ್ದೋರು ಬಿಡ್ಲೇ ಇಲ್ಲ. ಲೈಟು ಚೆನ್ನಾಗಿತ್ತು, ಸೀರೆ ಚೆನ್ನಾಗಿತ್ತು, ನೀರಿನ ಲೋಟ ಚೆನ್ನಾಗಿತ್ತು..."

"ಬಡಿದದ್ದರ ಬಗ್ಗೆ ಏನಂದ್ರು?"

ಶಿವರಾಜು ಯೋಚಿಸಿದ. "ಅದೊಂದು ಬಿಟ್ಟು ಎಲ್ಲಾ ಅಂದ್ರು."

ಆ ಭಾನುವಾರ ಇಬ್ಬರೂ ಬಳಗಕ್ಕೆ ಹೋದರು. ಹಳೆಯ ಅಕ್ಕಿ ಗಿರಣಿಯೊಂದರ ಮಹಡಿ. ಮೇಜಿನ ಸುತ್ತ ಕುರ್ಚಿಗಳು. ಯಾರೋ ಹೊಸಬರು ಬರೆದ ನಾಟಕವನ್ನು ದೀಪಕ್ ಓದುತ್ತಿದ್ದ. ಗಂಡ ಹೆಂಡತಿಯ ಜಗಳ ಬಿರುಸಾಗುತ್ತಿದ್ದಂತೆ ಅವನು ಓದು ನಿಲ್ಲಿಸಿ, ಬೆರಳ ಗಿಣ್ಣಿನಿಂದ ಮೇಜಿಗೆ ಟಕ್ ಎಂದು ಬಡಿದು ಸುಮ್ಮನಾದ. ಶಿವರಾಜು ಬಾಯಿ ತೆರೆಯುವಷ್ಟರಲ್ಲಿ ರುದ್ರಾಣಿ ಅವನ ಕಾಲು ತುಳಿದರು.

ಓದು ಮುಗಿದ ಮೇಲೆ ದೀಪಕನೇ ವಿವರಿಸಿದ. "ಕೂತು ಓದುವಾಗ ಮೌನ ಕಾಣೋದಿಲ್ವಲ್ಲ ಮೇಡಮ್. ನಾಟಕದಲ್ಲಿ ಮೌನ ಅಂತ ಇದ್ದ ಕಡೆ ಹೀಗೆ ಬಡಿದು ನಿಲ್ಲಿಸ್ತೀವಿ. ನಮ್ಮಲ್ಲಿ ಮಾತ್ರ ಇರೋ ಪದ್ಧತಿ. ಅದು ನರಸೀಪುರದ ಸ್ಟೇಜಿಗೆ ಹೇಗೆ ಬಂತು ಅಂತ ಮೇಷ್ಟ್ರನ್ನ ಕೇಳೋಣ ಅಂತ ಹೋದೆ. ಅಷ್ಟರಲ್ಲಿ ಎದ್ದು ಹೊರಟೇಹೋಗಿದ್ರು. ಇವತ್ತು ಇಲ್ಲಿಗೂ ಬಂದಿಲ್ಲ."

ಇನ್ನೊಂದು ಪದ್ಧತಿಯನ್ನೂ ಅವನು ಹೇಳಿದ. ನಾಟಕ ಬರೆದವರು ಅದನ್ನು ಬಳಗಕ್ಕೆ ತರುವ ಮೊದಲು ತಮಗೆ ಬೇಕಾದ ಒಬ್ಬ ಸದಸ್ಯರಿಗೆ ಮಾತ್ರ ಓದಿ ಹೇಳಬೇಕು. ಅವರಿಗೆ ಮೊದಲ ಕಿವಿ ಎಂದು ಹೆಸರು. ಅದು ಯಾರೆಂಬುದು ಗುಟ್ಟು. ಬಳಗದಲ್ಲಿ ಓದಾದ ದಿನ ಅವರೇ ಎದ್ದು ಮೊದಲ ಮೆಚ್ಚುಗೆ ಹೇಳಬೇಕು.

"ಸಿದ್ಧಾರ್ಥನ ಮೊದಲ ಕಿವಿ ನೀನೇನಾ?" ರುದ್ರಾಣಿ ಕೇಳಿದರು.

"ನನ್ನನ್ನ ಕೇಳ್ತಾನೆ ಅಂತ ಕಾದಿದ್ದೆ." ದೀಪಕನ ಮುಖ ಇಳಿದುಹೋಯಿತು. "ಕೇಳ್ಲಿಲ್ಲ."

ಮರುದಿನ ಓಮ್ನಿ ನರಸೀಪುರಕ್ಕೆ ಹೋಯಿತು. ಹೇಮಂತ್ ಅಲ್ಲಿನ ಒಂದು ಶಾಲೆಯಲ್ಲಿ ಶಿಕ್ಷಕ. ನಯವಾಗಿಯೇ ಮಾತಾಡಿದ. ಬದನವಾಳಿಗೆ ಒಮ್ಮೆ ಹೋಗಿದ್ದೆ, ಮಗ್ಗ ನೋಡಿದೆ, ನಾಟಕ ಹುಟ್ಟಿತು ಎಂದ.

"ನಿಮ್ಮ ತಂದೆಯವರ ಬಳಗದಲ್ಲಿ ಓದಿಸಿದ್ರಾ?"

"ಆ ಬಳಗಕ್ಕೆ ನಾನು ಒಂದು ದಿನವೂ ಕಾಲಿಟ್ಟವನಲ್ಲ. ಊರವರ ಮಕ್ಕಳ ನಾಟಕ ಕೇಳೋಕೆ ಅಪ್ಪನಿಗೆ ಬಿಡುವಿದೆ, ನನ್ನದು ಕೇಳೋಕಿಲ್ಲ. ವಾರಕ್ಕೊಂದು ಸಲ ಮನೆಗೆ ಹೋಗ್ತೀನಿ. ಕಣ್ಣು ಮಂಜು ಅವರಿಗೆ. ಕರೆಂಟ್ ಬಿಲ್ಲು, ಫೋನು ಎಲ್ಲಾ ನಾನೇ ನೋಡ್ಬೇಕು."

ವಾಪಸು ಬರುವಾಗ ಊರು ಹತ್ತಿರವಾದಂತೆ ರುದ್ರಾಣಿ, "ಈ ಕೇಸು ಬಗೆಹರಿಯೋದೇ ಬೇಡವಾಗಿತ್ತು ಶಿವರಾಜು," ಎಂದರು.

ಮುಂದಿನ ಭಾನುವಾರ ಬಳಗದ ಓದು ಮುಗಿದು ಉಳಿದವರು ಹೋದ ಮೇಲೆ ಅದೇ ಮೇಜಿನ ಸುತ್ತ ಸೋಮಶೇಖರ್ ಮೇಷ್ಟ್ರು, ಹೇಮಂತ್, ದೀಪಕ್, ಗೋವಿಂದಮ್ಮ ಕೂತರು. ಶಿವರಾಜು ಬಾಗಿಲ ಹತ್ತಿರ ನಿಂತ.

"ತಾಯಿ, ಮಗ ಇಬ್ಬರೇ ಇದ್ದ ಕೋಣೆಯ ಮಾತು ಹೊರಗೆ ಹೇಗೆ ಬಂತು ಅನ್ನೋದು ಮೊದಲ ಪ್ರಶ್ನೆ," ರುದ್ರಾಣಿ ಶುರುಮಾಡಿದರು. "ದೀಪಕ್ ಕದ್ದು ಕೇಳಿಸಿಕೊಂಡ ಅಂತ ಗೋವಿಂದಮ್ಮನ ಅನುಮಾನ. ನೀರಿನ ಮಾತನ್ನು ಅವನು ಕೇಳಿರಬಹುದು. ಆದರೆ ಬಾಗಿಲಲ್ಲಿ ನಿಂತು ಇಡೀ ನಾಟಕ ಬಾಯಿಪಾಠ ಮಾಡೋಕಾಗುತ್ತಾ? ಅಲ್ಲಿ ಮೂರನೆಯದೊಂದು ಕಿವಿ ಇತ್ತು. ಸಿದ್ಧಾರ್ಥನ ಫೋನು. ಅವನು ಅವತ್ತು ಮಲಗಿದ್ದಲ್ಲೇ ನಾಟಕ ಓದಿ ರೆಕಾರ್ಡ್ ಮಾಡ್ತಿದ್ದ. ಬಳಗದ ಪದ್ಧತಿಯಂತೆ, ಮೌನ ಬಂದ ಕಡೆ ಮಂಚಕ್ಕೆ ಬಡೀತಾ. ನೀರಿನ ಮಾತೂ ಅದರಲ್ಲೇ ಸೇರಿಹೋಯ್ತು."

ಹೇಮಂತ್ ತಲೆಯೆತ್ತಿದ.

"ನರಸೀಪುರದಲ್ಲಿ ಆ ಬಡಿತವೇ ನಾಟಕದೊಳಗೆ ಬಂತು. ಅಂದರೆ ಅದನ್ನು ಬರೆದುಕೊಂಡವರು ಕಾಗದ ನೋಡಲಿಲ್ಲ, ಧ್ವನಿ ಕೇಳಿದರು. ಬಡಿತ ಅಂದರೆ ಮೌನ ಅಂತ ಅವರಿಗೆ ಗೊತ್ತಿರಲಿಲ್ಲ. ಬಳಗದವರು ಯಾರೂ ಆ ತಪ್ಪು ಮಾಡೋದಿಲ್ಲ. ದೀಪಕ್ ಅಂತೂ ಅದನ್ನು ನೋಡಿದ ಕೂಡಲೇ ಮೇಷ್ಟ್ರನ್ನ ಹುಡುಕಿಕೊಂಡು ಹೋದ. ಬಳಗಕ್ಕೆ ಕಾಲಿಡದೇ ಆ ನಾಟಕ ಆಡಿಸಿದವರು ಹೇಮಂತ್ ಒಬ್ಬರೇ."

"ಅವ್ರಿಗ್ ಯಾರ್ ಕೊಟ್ರು ಅದ?" ಗೋವಿಂದಮ್ಮ ಕೇಳಿದಳು.

"ಯಾರೂ ಕೊಡಲಿಲ್ಲ. ಸಿದ್ಧಾರ್ಥ ಅದನ್ನು ತನ್ನ ಮೊದಲ ಕಿವಿಗೆ ಕಳಿಸಿದ. ನಾಟಕ ಆಡಿದ ದಿನ ಸಭೆಯಲ್ಲಿ ಎಲ್ಲರೂ ಬಡಿತದ ಅರ್ಥ ಕೇಳ್ತಿದ್ದಾಗ, ಅರ್ಥ ಗೊತ್ತಿದ್ದ ಒಬ್ಬರು ಲೋಟದವರೆಗೂ ಹೊಗಳಿ ಅದೊಂದನ್ನು ಬಿಟ್ಟುಬಿಟ್ಟರು. ಅವರ ಫೋನು ನೋಡಿಕೊಳ್ಳುವವರು ಅವರ ಮಗ." ರುದ್ರಾಣಿಯ ದನಿ ತಗ್ಗಿತು. "ಮೇಷ್ಟ್ರೆ, ಇನ್ನು ನೀವೇ ಹೇಳಬೇಕು."

ಸೋಮಶೇಖರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಕೇಳಿರಲಿಲ್ಲಮ್ಮ," ಎಂದರು ಗೋವಿಂದಮ್ಮನಿಗೆ. "ಅವನು ಕಳಿಸಿದ. 'ಸರ್, ನೀವೇ ಮೊದಲ ಕಿವಿ, ಹೇಗಿದೆ ಹೇಳಿ' ಅಂದಿದ್ದ. ನಾಳೆ ಕೇಳಿದರಾಯ್ತು ಅಂತ ಇಟ್ಟೆ. ಜ್ವರ ಅಂತಲೂ ಗೊತ್ತಿರಲಿಲ್ಲ. ಆಮೇಲೆ ಅವನು ಹೋದ ಸುದ್ದಿ ಬಂತು. ನನ್ನ ಒಂದು ಮಾತಿಗೆ ಕಾಯ್ತಾ ಹೋಗಿಬಿಟ್ಟನಲ್ಲ ಅಂತ ಅದನ್ನು ತೆಗೆದು ಕೇಳೋ ಧೈರ್ಯವೇ ಬರಲಿಲ್ಲ. ನರಸೀಪುರದಲ್ಲಿ ಆ ಬಡಿತ ಕೇಳಿದಾಗ, ಇದು ನನ್ನ ಫೋನಿನಲ್ಲಿದ್ದ ಅವನ ನಾಟಕವೇ ಅಂತ ಗೊತ್ತಾಯ್ತು. ಮಗನ ಮಾನ ಹೋಗುತ್ತೆ ಅಂತ ಬಾಯಿಗೆ ಬಂದದ್ದೆಲ್ಲ ಹೊಗಳಿ ಮನೆಗೆ ಓಡಿಬಂದೆ. ನನ್ನಿಂದ ತಪ್ಪಾಯ್ತು ತಾಯಿ."

"ಸತ್ತವನ ನಾಟಕ, ಯಾರಿಗೂ ಬೇಡ ಅಂದ್ಕೊಂಡೆ," ಹೇಮಂತ್ ಯಾರ ಮುಖವನ್ನೂ ನೋಡಲಿಲ್ಲ. "ಅಪ್ಪ ಒಂದು ಸಲವಾದ್ರೂ ನನ್ನನ್ನ ಮೆಚ್ಚಲಿ ಅಂತ ಇತ್ತು. ಅವನ ನಾಟಕ ಮುಗಿಯೋದು ತಾಯಿ ಕೊನೆಗೂ ಸುಮ್ಮನಾಗಿ, ಮಗ ಮಾತಾಡೋಕೆ ಬಾಯಿ ತೆರೆಯೋ ಹೊತ್ತಿಗೆ. ಅದು ಅರ್ಧಕ್ಕೆ ನಿಂತ ಹಾಗೆ ಕಾಣ್ತು ನನಗೆ. ಆಮೇಲೆ ನೀರಿನ ಮಾತು ಬಂತು. ಅದು ನಾಟಕದ್ದಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ."

ಶಿವರಾಜುವಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು. ಆದರೆ ಗೋವಿಂದಮ್ಮ ಬಯ್ಯಲಿಲ್ಲ, ಶಪಿಸಲಿಲ್ಲ. ದೀಪಕನ ಕಡೆ ತಿರುಗಿ ಅವನ ಕೈ ಹಿಡಿದುಕೊಂಡಳು. "ನಿನ್ನ ಅಂದ್ಬುಟ್ನಲ್ಲ ಮಗ," ಎಂದಳು. ದೀಪಕ್ ತಲೆ ತಗ್ಗಿಸಿಕೊಂಡು ಅತ್ತುಬಿಟ್ಟ.

ಎಲ್ಲರ ಎದುರಿಗೆ ನಿಂತು ನಿಜ ಹೇಳಿ, ಸಿದ್ಧಾರ್ಥನ ಹೆಸರಿನಲ್ಲೇ ಅದೇ ವೇದಿಕೆಯ ಮೇಲೆ ನಾಟಕವನ್ನು ಮತ್ತೆ ಆಡಿಸುತ್ತೇನೆಂದು ಹೇಮಂತ್ ಒಪ್ಪಿಕೊಂಡ. ಗೋವಿಂದಮ್ಮ ತಲೆಯಾಡಿಸಿದಳು.

"ಅವ್ನ ದನಿ ಇನ್ನೂ ಅದಾ ಅದ್ರಲ್ಲಿ?" ಎಂದು ಕೇಳಿದಳು.

ಮೇಷ್ಟ್ರು ಫೋನನ್ನು ದೀಪಕನ ಕೈಗೆ ಕೊಟ್ಟರು. ದೀಪಕ್ ಕೊನೆಯ ಭಾಗ ಹಾಕಿದ. ಸಿದ್ಧಾರ್ಥ ಏದುಸಿರು ಬಿಡುತ್ತಲೇ ಓದಿ ಮುಗಿಸಿದ. ಕೆಮ್ಮಿದ. ನೀರು ಕೇಳಿದ. ಹೆಜ್ಜೆ ಸಪ್ಪಳ, ಲೋಟದ ಸದ್ದು, ಗೋವಿಂದಮ್ಮನ ದನಿ. ಅಷ್ಟಕ್ಕೇ ನಿಲ್ಲಲಿಲ್ಲ, ನರಸೀಪುರದಲ್ಲಿ ಯಾರೂ ಕೇಳದಿದ್ದ ಮಾತು ಅದರ ಮುಂದೆ ಇತ್ತು.

"ನಾಟ್ಕ ಓದ್ದೆ ಕಣವ್ವ. ಎಂಗದೆ? ಕೇಳುಸ್ಕಂಡ್ಯಾ?"

"ಕಾರ್ ಬತ್ತದೆ ಈಗ, ಬಟ್ಟೆ ಕಟ್ಕಬೇಕು. ಆಮ್ಯಾಕ್ ಕೇಳ್ತೀನಿ ಸುಮ್ಕಿರು ಮಗ."

"ಊಂ," ಎಂದಿತು ಆ ದನಿ. ಅಲ್ಲಿಗೆ ಮುಗಿದಿತ್ತು.

ಈ ಮಾತು ತಾನು ಆಡಿದ್ದೇ ಗೋವಿಂದಮ್ಮನಿಗೆ ನೆನಪಿರಲಿಲ್ಲವೆಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅವಳು ಕಣ್ಣೊರೆಸಿಕೊಂಡಳು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಮೊದ್ಲಿಂದ ಹಾಕು ದೀಪಕ," ಎಂದಳು. "ಈಗ ಕೇಳ್ತೀನಿ."